ಮೈನಸ್ ಎಂಬತ್ತು

ಪ್ರೊಫೆಸರಿಗೆ ಕಲೆಯಿಲ್ಲದ ಒಂದು ಅಂಗಿಯೂ ಇರಲಿಲ್ಲ. ಹೆಂಡತಿ ಬೀರುವಿನಿಂದ ಒಂದೊಂದನ್ನೇ ಎಳೆದು, ಬೆಳಕಿಗೆ ಹಿಡಿದು, ಮಂಚದ ಮೇಲೆ ಎಸೆಯುತ್ತಿದ್ದಳು. ಒಂದರ ತೋಳಿಗೆ ನೀಲಿ ಬಣ್ಣ, ಇನ್ನೊಂದರ ಜೇಬಿನಡಿ ಮಾರ್ಕರಿನ ಮಸಿ, ಮತ್ತೊಂದರ ಎದೆಯ ಮೇಲೆ ಬ್ಲೀಚು ತಿಂದ ಮಚ್ಚೆ.

"ಮೇಲೆ ಕೋಟು ಹಾಕಿದ್ರೆ ಯಾವುದೂ ಕಾಣ್ಸಲ್ಲ ಬಿಡಿ ಅತ್ತಿಗೆ," ಎಂದಳು ನಾದಿನಿ. "ಚಿತಾಗಾರದ ಗಾಡಿ ಬರೋ ಹೊತ್ತಾಯ್ತು."

"ನನಗೆ ಕಾಣ್ಸತ್ತಲ್ಲ."

"ಅಣ್ಣ ಮದುವೆ ದಿನಾನೂ ಇಂಥದ್ದೇ ಹಾಕ್ಕೊಂಡು ಬಂದಿದ್ದ. ಮರೆತ್ರಾ?"

"ಮರೆಯೋದುಂಟಾ? ಫೋಟೋದಲ್ಲಿ ಅವರ ತೋಳಿಗೆ ಅಂಟ್ಕೊಂಡು ನಿಂತಿದ್ದೀನಿ. ನೋಡಿದೋರೆಲ್ಲ ಏನು ಪ್ರೀತಿ ಅಂದ್ರು. ನಾನು ಕಲೆ ಮುಚ್ಚೋಕೆ ನಿಂತಿದ್ದು."

ನಾದಿನಿಗೆ ಅಳುವಿನ ನಡುವೆಯೇ ನಗು ಬಂತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಪ್ರೊಫೆಸರ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಸವತಿ' ಎಂಬ ಹೆಸರು. ನಾದಿನಿಯ ನಗು ಅಲ್ಲೇ ನಿಂತಿತು.

"ಅತ್ತಿಗೆ... ಇದ್ಯಾರು?"

"ಅವರ ಲ್ಯಾಬಿನ ಫ್ರೀಜರು." ಹೆಂಡತಿ ಕರೆಯನ್ನು ಕತ್ತರಿಸಿದಳು. "ನಿನ್ನೆ ಸಂಜೆಯಿಂದ ಕರೀತಾನೇ ಇದೆ."

"ಕೆಟ್ಟಿದೆಯೇನೋ. ಯಾರಿಗಾದ್ರೂ ಒಂದು ಮಾತು ಹೇಳ್ಬಾರ್ದಾ?"

"ಕರೀಲಿ. ಇಷ್ಟು ವರ್ಷ ಅದು ಕರೆದಾಗೆಲ್ಲ ಓಡಿದ್ರು. ಇವತ್ತೊಂದು ದಿನ ಅವರು ನನ್ನವರು."

ಕೊನೆಗೆ ನೀಲಿ ತೋಳಿನ ಅಂಗಿಯನ್ನೇ ಆರಿಸಿದಳು. ಮದುವೆ ಫೋಟೋದಲ್ಲಿದ್ದದ್ದು ಅದೇ.

*

ಆ ಫ್ರೀಜರು ಬೀರುವಿನಷ್ಟು ಎತ್ತರ. ಒಳಗೆ ಮೈನಸ್ ಎಂಬತ್ತು ಡಿಗ್ರಿ ಚಳಿ. ಕ್ಯಾನ್ಸರ್ ರೋಗಿಗಳ ರಕ್ತದಿಂದ ತೆಗೆದ ತಿಳಿ ಅದರಲ್ಲಿ ಕಿರುಬೆರಳಿನಷ್ಟು ಕೊಳವೆಗಳಲ್ಲಿ ಹೆಪ್ಪುಗಟ್ಟಿ ಕೂತಿರುತ್ತಿತ್ತು. ರೋಗ ಗೊತ್ತಾದ ದಿನದಿಂದ ಕೊನೆಯವರೆಗೆ ತಿಂಗಳು ತಿಂಗಳು ಕೂಡಿಟ್ಟದ್ದು. ಆ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ; ಮತ್ತೆ ಹೋಗಿ ತೋಳು ಚಾಚಿ ಎನ್ನುವಂತಿಲ್ಲ. ಚಳಿ ಕಡಿಮೆಯಾದರೆ ಯಂತ್ರ ತಾನಾಗಿಯೇ ಫೋನು ಮಾಡುತ್ತಿತ್ತು, ಅದೂ ಒಂದೇ ನಂಬರಿಗೆ. ಹಿಂದೊಮ್ಮೆ ಜೊತೆಗಾರನೊಬ್ಬ ಎರಡು ಪೆಟ್ಟಿಗೆ ಎತ್ತಿಕೊಂಡು ಹೋಗಿ ತನ್ನ ಹೆಸರಿನಲ್ಲಿ ಪ್ರಬಂಧ ಬರೆದುಕೊಂಡಿದ್ದ. ಆಮೇಲೆ ಬೇರೆ ಯಾರ ನಂಬರನ್ನೂ ಸೇರಿಸಲು ಪ್ರೊಫೆಸರು ಒಪ್ಪಲಿಲ್ಲ. ಹೊಟ್ಟೆಕಿಚ್ಚು ಆ ಮನೆಯಲ್ಲಿ ಒಬ್ಬರ ಸೊತ್ತಾಗಿರಲಿಲ್ಲ.

ಮದುವೆಯ ಹತ್ತನೇ ವರ್ಷಕ್ಕೆಂದು ಇಬ್ಬರೂ ಹೋಟೆಲಿಗೆ ಹೋಗಿದ್ದಾಗ ಅದು ಕರೆಯಿತು. ಸೂಪು ಬಂದಿತ್ತಷ್ಟೇ, ಆತ ಎದ್ದು ಓಡಿದ. ಅವಳು ಹಟಕ್ಕೆ ಬಿದ್ದು ಇಬ್ಬರ ಊಟವನ್ನೂ ತಿಂದು ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಅವನ ಫೋನಿನಲ್ಲಿ ಆ ನಂಬರಿಗೆ ಹೆಸರಿಟ್ಟಳು.

ಆತ ನೋಡಿ ನಕ್ಕ. "ಸರಿಯಾಗೇ ಇದೆ. ಆದ್ರೆ ನಿಮ್ಮಿಬ್ಬರಲ್ಲಿ ತಣ್ಣಗಿರೋಳು ಅವಳೇ."

"ಅದರೊಳಗೆ ಅಂಥದ್ದೇನಿದೆ?"

"ಪೊಟ್ಟಣ. ಒಂದು ಜೀವಕೋಶ ಇನ್ನೊಂದಕ್ಕೆ ಕಳ್ಸೋ ಪೊಟ್ಟಣ. ಕಣ್ಣಿಗೆ ಕಾಣಲ್ಲ. ಕ್ಯಾನ್ಸರ್ ಇದೆ ನೋಡು, ಅದು ಮೂಳೆಗೋ ಶ್ವಾಸಕೋಶಕ್ಕೋ ಏಕಾಏಕಿ ನುಗ್ಗಲ್ಲ. ಮೊದಲು ಪೊಟ್ಟಣ ಕಳ್ಸತ್ತೆ. ಅಲ್ಲಿರೋ ಕೋಶಗಳನ್ನ ಪುಸಲಾಯಿಸಿ ಜಾಗ ಹದ ಮಾಡಿಸ್ಕೊಳತ್ತೆ. ಆಮೇಲೆ ತಾನು ಹೊರಡತ್ತೆ. ಆ ಪೊಟ್ಟಣಾನ ನಾವು ಮುಂಚೇನೇ ಹಿಡಿದ್ರೆ..."

"ರೋಗಕ್ಕೂ ಅಷ್ಟು ಮರ್ಯಾದೆ ಇದೆ, ಬರೋಕೆ ಮುಂಚೆ ಹೇಳಿ ಕಳ್ಸತ್ತೆ. ನೀವು ಊಟಕ್ಕೆ ಬರ್ತೀರೋ ಇಲ್ವೋ ಅಂತ ನನಗೆ ಒಂದು ಮಾತು ಬರಲ್ಲ."

ತಿಂಗಳಿಗೊಮ್ಮೆ ಮಾತ್ರ ಆತ ಅವಳ ಕಡೆ ಪೂರ್ತಿ ತಿರುಗುತ್ತಿದ್ದ. ರೋಗಿಗಳ ರಕ್ತದೊಂದಿಗೆ ಹೋಲಿಸಲು ಆರೋಗ್ಯವಂತರ ರಕ್ತ ಬೇಕಿತ್ತು. ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ಪಟ್ಟಿ ಬಿಗಿದು, ನರ ಸಿಕ್ಕ ಜಾಗಕ್ಕೆ ಮಾರ್ಕರಿನಿಂದ ಸಣ್ಣದೊಂದು ಸುತ್ತು ಹಾಕಿ, ಉಸಿರು ಬಿಗಿಹಿಡಿದು ಸೂಜಿ ಚುಚ್ಚುತ್ತಿದ್ದ. ಆಮೇಲೆ ಅದನ್ನು ಐಸಿನ ಡಬ್ಬಿಯಲ್ಲಿಟ್ಟು ಎಳೆಗೂಸಿನಂತೆ ಎತ್ತಿಕೊಂಡು ಹೊರಡುತ್ತಿದ್ದ. ತನ್ನ ರಕ್ತದ ಮೇಲೆಯೇ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಸಿಂಕಿಗೆ ಚೆಲ್ಲುತ್ತಾರೆಂದುಕೊಂಡಿದ್ದಳು. ಒಂದು ತಿಂಗಳು ಜಗಳವಾಗಿ ತೋಳು ಕೊಡಲಿಲ್ಲ. "ಹೋಗಿ, ನಿಮ್ಮ ಗುಬ್ಬಿ ರಕ್ತ ತೆಗೀರಿ," ಎಂದಿದ್ದಳು.

*

ಗುಬ್ಬಿ ಎಂದರೆ ಆತನ ಕಡೆಯ ವಿದ್ಯಾರ್ಥಿನಿ. ಹೆಸರಿಟ್ಟವನು ಪ್ರೊಫೆಸರೇ. ಹೆಂಡತಿಗೆ ಇಪ್ಪತ್ತೆರಡು ವರ್ಷದಲ್ಲಿ 'ಇವಳೇ' ಎನ್ನುವುದು ಬಿಟ್ಟು ಬೇರೆ ಹೆಸರು ಸಿಕ್ಕಿರಲಿಲ್ಲ. ಈಗ ಗುಬ್ಬಿ ಹಜಾರದಲ್ಲಿ ಹೆಣದ ಕಾಲ ಹತ್ತಿರ ಕೂತು ಮೂಗು ಕೆಂಪಾಗುವಂತೆ ಅಳುತ್ತಿದ್ದಳು. ತನಗಿನ್ನೂ ಒಂದು ಹನಿ ಕಣ್ಣೀರು ಬಂದಿರಲಿಲ್ಲ ಎಂಬುದು ಹೆಂಡತಿಯ ಗಮನಕ್ಕೆ ಬಂತು.

"ಗೌರವಕ್ಕೆ ಅಂತ ಇಡೀ ಸಂಸ್ಥೆಗೆ ರಜೆ ಕೊಟ್ಟಿದ್ದೀನಿ," ಎಂದರು ನಿರ್ದೇಶಕರು, ಬಾಗಿಲ ಬಳಿ ನಿಂತು. "ಅಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲ ಇಲ್ಲೇ ಬಂದಿದ್ದಾರೆ."

ಗುಬ್ಬಿ ಮೂಗು ಒರೆಸಿಕೊಂಡು ಯಾರಿಗೋ ಹೇಳುತ್ತಿದ್ದಳು: "ಮೆಷಿನ್ನಲ್ಲಿ ಗಂಟೆಗಟ್ಟಲೆ ತಿರುಗಿಸಿದ್ಮೇಲೆ ಪೊಟ್ಟಣ ಎಲ್ಲಾ ಕೊಳವೆ ತಳದಲ್ಲಿ ಒಂದು ಕಡೆ ಅಂಟ್ಕೊಳತ್ತೆ. ಕಾಣಲ್ಲ. ಅದಕ್ಕೇ ಮೊದಲೇ ಹೊರಗಡೆ ಒಂದು ಸುತ್ತು ಹಾಕಿಟ್ಕೋಬೇಕು. ನಾನು ಸುತ್ತು ಹಾಕದೆ, ಮೇಲಿನ ನೀರಿನ ಜೊತೆ ಪೊಟ್ಟಣಾನೂ ಹೀರಿ ಚೆಲ್ಲಿಬಿಟ್ಟೆ. ಸರ್ ಬೈಲಿಲ್ಲ. 'ಆರು ತಿಂಗಳ ಕೆಲಸ ಸಿಂಕಿಗೆ ಕುಡಿಸ್ದೆ, ಈಗ ನೀನೂ ಏನಾದ್ರೂ ಕುಡಿ ಗುಬ್ಬಿ' ಅಂತ ಚಹಾ ಕೊಡಿಸಿದ್ರು. ತಾವೂ ಕುಡಿದ್ರು."

"ಅವರಿಗೆ ಚಹಾ ಆಗ್ತಿರ್ಲಿಲ್ಲ," ಎಂದಳು ಹೆಂಡತಿ.

"ಅಯ್ಯೋ ಮೇಡಂ, ದಿನಾ ನಾಲ್ಕು ಲೋಟ!"

ಲ್ಯಾಬಿನವರೆಲ್ಲ ಸಣ್ಣಗೆ ನಕ್ಕರು. ಮನೆಯಲ್ಲಿ ಆತ ಎದೆ ಉರಿಯುತ್ತದೆಂದು ಅವಳ ಚಹಾವನ್ನು ಮುಟ್ಟಿರಲಿಲ್ಲ. ಈಗ ಉರಿದದ್ದು ಅವಳ ಎದೆ.

ಗುಬ್ಬಿ ಹತ್ತಿರ ಸರಿದಳು. "ಮೇಡಂ, ಸರ್ ಫೋನು ನಿಮ್ಮತ್ರಾನೇ ಇದೆಯಲ್ಲ? ಫ್ರೀಜರಿಂದ ಕರೆ ಬಂದಿತ್ತಾ? ನಿನ್ನೆ ಸುದ್ದಿ ಬಂದಾಗ ಅದರ ಮುಂದೇನೇ ನಿಂತಿದ್ದೆ. ಹಾಗೇ ಓಡಿ ಬಂದೆ. ನನ್ನ ಮೂರು ವರ್ಷದ ಕೆಲಸಾನೂ ಅದರಲ್ಲೇ ಇದೆ."

ಮಡಿಲಲ್ಲಿದ್ದ ಕೈಚೀಲದೊಳಗೆ ಫೋನು ಆಗಲೇ ನಡುಗತೊಡಗಿತ್ತು. ಹೆಂಡತಿ ಚೀಲವನ್ನು ಅಂಗೈಯಿಂದ ಒತ್ತಿಹಿಡಿದಳು. ಅದು ಸುಮ್ಮನಾಗುವವರೆಗೂ ಹುಡುಗಿಯ ಮುಖವನ್ನೇ ನೋಡಿದಳು.

"ಇಲ್ಲಮ್ಮ. ಬಂದ್ರೆ ಹೇಳ್ತೀನಿ."

ವಿದ್ಯುತ್ ಚಿತಾಗಾರದ ಮೆಟ್ಟಿಲು ಹತ್ತುವ ಮುಂಚೆ ಫೋನನ್ನು ಪೂರ್ತಿ ಆರಿಸಿದಳು. ಕಬ್ಬಿಣದ ಬಾಗಿಲು ಮೇಲೆದ್ದಿತು, ಕೆಳಗಿಳಿಯಿತು. ಕರೆ ಬಂತೆಂದು ಆತ ಎದ್ದು ಹೋಗಲಿಲ್ಲ. ಗೆದ್ದೆ ಅನ್ನಿಸಿತು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತಾಗ, ಗೆದ್ದದ್ದನ್ನು ಇಟ್ಟುಕೊಳ್ಳಲು ಜಾಗವೇ ಕಾಣಲಿಲ್ಲ. ಫೋನು ಹೊತ್ತಿಸಿದಳು. ಕರೆಗಳು ನಿಂತಿದ್ದವು. ಒಂದು ಸಂದೇಶ ಮಾತ್ರ ಇತ್ತು: ಒಳಗಿನ ಶಾಖ ಪ್ಲಸ್ ನಾಲ್ಕು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಮೈನಸ್ ಎಂಬತ್ತರಿಂದ ಪ್ಲಸ್ ನಾಲ್ಕಕ್ಕೆ ಎಷ್ಟು ದೂರವೆಂದು ಯಾರೂ ಹೇಳಬೇಕಿರಲಿಲ್ಲ.

"ಗುಬ್ಬಿ," ಎಂದು ಮೊದಲ ಸಲ ಆ ಹೆಸರು ಹಿಡಿದು ಕರೆದಳು. "ನಡಿ, ಲ್ಯಾಬಿಗೆ ಹೋಗೋಣ."

ಕಾರಿಡಾರಿನಲ್ಲೇ ನೀರು ಕಾಲಿಗೆ ತಾಗಿತು. ಫ್ರೀಜರಿನ ಬಾಗಿಲು ಒಂದು ಬೆರಳಿನಷ್ಟು ತೆರೆದೇ ಇತ್ತು. ಯಾರೂ ಕೇಳದ ಕೂಗನ್ನು ಅದು ಇನ್ನೂ ಕೂಗುತ್ತಿತ್ತು. ಗುಬ್ಬಿ ನೀರಿನಲ್ಲೇ ಕುಸಿದು ಕೂತಳು.

"ನಾನೇ... ಚಿಲಕ ಹಾಕಿರ್ಲಿಲ್ಲ. ಕರೆ ಯಾಕೆ ಬರ್ಲಿಲ್ಲ ಮೇಡಂ?"

"ಫೋನು ಆಫ್ ಆಗಿತ್ತು."

"ಹಾಗಾದ್ರೆ ಎಲ್ಲಾ ನನ್ನಿಂದ್ಲೇ ಹೋಯ್ತು."

ಹೆಂಡತಿ ಅವಳನ್ನು ದಾಟಿ ಫ್ರೀಜರಿನ ಮುಂದೆ ನಿಂತಳು. ಬಾಗಿಲು ಪೂರ್ತಿ ತೆಗೆದು ಒಂದೊಂದೇ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಕೊಳವೆಗಳೊಳಗೆ ಹಳದಿ ನೀರು ಅಲುಗಾಡುತ್ತಿತ್ತು. ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ ಎರಡು ಪೆಟ್ಟಿಗೆಗಳು ಬೇರೆಯಾಗಿ ಕೂತಿದ್ದವು. ಮುಚ್ಚಳದ ಮೇಲೆ ಗಂಡನ ವಕ್ರ ಅಕ್ಷರದಲ್ಲಿ ಒಂದೇ ಪದ: ಇವಳು.

"ಅವನ್ನ ನಮಗೆ ಮುಟ್ಟೋಕೂ ಬಿಡ್ತಿರ್ಲಿಲ್ಲ," ಎಂದಳು ಗುಬ್ಬಿ, ಕೂತಲ್ಲಿಂದಲೇ. "ಹೋಲಿಕೆಗೆ ಬೇಕಾದಾಗ ತಾವೇ ಹನಿ ಲೆಕ್ಕದಲ್ಲಿ ಕೊಡೋರು. ಹನ್ನೊಂದು ವರ್ಷ ಒಬ್ಬರದೇ ಆರೋಗ್ಯವಂತ ರಕ್ತ, ಎಲ್ಲಿ ಸಿಗತ್ತೆ ಅನ್ನೋರು."

ಪ್ರತಿ ಕೊಳವೆಯ ಮೇಲೂ ತಿಂಗಳು, ಪಕ್ಕದಲ್ಲೊಂದು ಸಣ್ಣ ಸುತ್ತು. ನಡುವೆ ಒಂದು ತಿಂಗಳಿನ ಗೂಡು ಮಾತ್ರ ಖಾಲಿ ಇತ್ತು. ಹೆಂಡತಿ ಅದರೊಳಗೆ ಬೆರಳಿಟ್ಟಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎಣಿಸತೊಡಗಿದಳು. ಪೆಟ್ಟಿಗೆಗೆ ಒಂಬತ್ತು ಸಾಲು, ಸಾಲಿಗೆ ಒಂಬತ್ತು, ಹೊತ್ತು ಹಿಡಿಯಲಿಲ್ಲ.

ರೋಗಿಗಳವು ಮೂರು ಸಾವಿರದ ಎಂಟುನೂರ ಏಳು. ಗುಬ್ಬಿಯವು ಇನ್ನೂರ ಹದಿನಾರು. ಅವಳವು ನೂರ ಮೂವತ್ತೊಂದು.