ಕಾಯಿ ಕೊಯ್ಯುವ ಸರದಿಗೂ ಪೇಟೆಂಟೇ?

ಸಾಲಿಗ್ರಾಮದ ಸುತ್ತಮುತ್ತ ತೆಂಗಿನ ಮರವಿಲ್ಲದ ಹಿತ್ತಿಲು ಸಿಗುವುದು ಕಷ್ಟ. ಮರ ಹತ್ತಿ ಕಾಯಿ ಕೊಯ್ದು ಕೊಡುವವರು ಸಿಗುವುದು ಅದಕ್ಕಿಂತ ಕಷ್ಟ. ಕಾಯಿ ಒಣಗಿ ತಾನಾಗಿಯೇ ಬೀಳುತ್ತದೆ. ಹಂಚು ಒಡೆಯುತ್ತದೆ. ಬಾವಿಕಟ್ಟೆಗೆ ಹೋಗುವವರು ತಲೆ ಎತ್ತಿ ನೋಡಿಕೊಂಡೇ ಹೋಗಬೇಕು.

ಸರೋಜ ಈ ತೊಂದರೆಯಲ್ಲೇ ತನಗೊಂದು ದುಡಿಮೆ ಕಂಡುಕೊಂಡವಳು. ಬ್ರಹ್ಮಾವರದಲ್ಲಿ ಮರ ಹತ್ತುವ ಯಂತ್ರದ ತರಬೇತಿ ಇದೆಯೆಂದು ಕೇಳಿದ್ದೇ ತಡ, ತನ್ನ ಸ್ವಸಹಾಯ ಸಂಘದ ಸುಂದರಿಯನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಹೋಗಿ ಕಲಿತು ಬಂದಳು. ಮೊದಲ ಸಲ ಮರದ ತುದಿಯಿಂದ ಕೆಳಗೆ ನೋಡಿದಾಗ ಮರವನ್ನೇ ತಬ್ಬಿಕೊಂಡಿದ್ದಳು. ಆಮೇಲಾಮೇಲೆ ಅಂಗಳದಲ್ಲಿ ಬಾಯಿಬಿಟ್ಟು ನೋಡುತ್ತಿದ್ದ ಗಂಡಸರಿಗೆ ಮೇಲಿನಿಂದಲೇ ಕೂಗಿ ಹೇಳುವಷ್ಟು ಧೈರ್ಯ ಬಂತು.

"ಹ್ವಾಯ್, ಬದಿಗ್ ನಿಲ್ಲಿ! ಕಾಯಿ ಬೀಳತ್ತ್!"

ಮರ ಹತ್ತುವುದು ಸುಲಭವಾಯಿತು, ಫೋನು ಸಂಭಾಳಿಸುವುದು ಕಷ್ಟವಾಯಿತು. ಎಲ್ಲರಿಗೂ ನಾಳೆಯೇ ಬೇಕು. ಒಂದು ದಿನ ಒಂದೇ ಮನೆಗೆ ಇಬ್ಬರು ಹೋದರು, ಕಾದು ಕುಳಿತ ಇನ್ನೊಂದು ಮನೆಗೆ ಯಾರೂ ಹೋಗಲಿಲ್ಲ. ಸರೋಜ ಬೈಸಿಕೊಂಡಳು.

ಪಕ್ಕದ ಮನೆಯ ಶ್ರಾವ್ಯ ಕುಂದಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಈ ಗಡಿಬಿಡಿ ನೋಡಿ ನೋಡಿ ಅವಳೇ ಹೇಳಿದಳು.

"ಸರೋಜಕ್ಕ, ನಾನೊಂದ್ ಆಪ್ ಮಾಡಿ ಕೊಡ್ತೆ. ಮನಿಯವ್ರೇ ಬರ್ದ್ ಹಾಕ್ಲಿ, ಎಷ್ಟ್ ಮರ ಇತ್ತ್, ಯಾವ್ ದಿನ ಆತ್ತ್ ಅಂದೇಳಿ. ಹತ್ರ ಹತ್ರದ್ ಮನಿ ಒಟ್ಟ್ ಮಾಡಿ ಅದೇ ಸರದಿ ಹಾಕತ್ತ್."

ಅದಕ್ಕೆ 'ಕಾಯಿಸರದಿ' ಎಂದು ಹೆಸರಿಟ್ಟರು. ಮಳೆ ಬಂದರೆ ಸರದಿ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಯಾರು ಯಾವ ಮನೆಗೆ ಎಂಬುದು ಅವರವರ ಫೋನಿಗೆ ಬರುತ್ತಿತ್ತು. ಜಗಳ ನಿಂತಿತು. ತ್ರಾಸಿಯ ಸಂಘದವರೂ ನಮಗೂ ಕೊಡಿ ಎಂದು ಕೇಳತೊಡಗಿದರು.

ಆಗ ಬಂತು ಒಂದು ಫೋನು. ರತನ್ ಅಂತೆ, ಮನೆಮನೆಗೆ ಕೆಲಸದವರನ್ನು ಕಳಿಸುವ ದೊಡ್ಡ ಊರಿನ ಕಂಪೆನಿಯವನಂತೆ. "ನಿಮ್ಮ ಮನೆಗಳ ಪಟ್ಟಿ ಕೊಟ್ಟು ನಮ್ಮ ಆಪ್‌ಗೆ ಸೇರಿಕೊಳ್ಳಿ ಮೇಡಂ" ಎಂದ. ಸರೋಜ ನಮ್ಮದೇ ಇದೆ, ಸಾಕು ಎಂದಳು. ಸ್ವಲ್ಪ ದಿನ ಕಳೆದ ಮೇಲೆ ಅದೇ ಕಂಪೆನಿಯಿಂದ ವಾಟ್ಸಾಪಿನಲ್ಲಿ ಇಂಗ್ಲಿಷ್ ನೋಟಿಸು ಬಂತು. ಶ್ರಾವ್ಯ ಓದುತ್ತಾ ಹೋದ ಹಾಗೆ ಅವಳ ಮುಖ ಸಣ್ಣದಾಯಿತು.

"ಜಾಗ ಕಂಡ್ ಸರದಿ ಹಾಕೂದ್ ಅವ್ರ್ ಪೇಟೆಂಟ್ ಅಂಬ್ರ್ ಸರೋಜಕ್ಕ. ನಾವ್ ಅದ್ನ ಕದ್ದದ್ ಅಂಬ್ರ್. ಕೂಡ್ಲೆ ನಿಲ್ಲಿಸ್ಕ್ ಅಂಬ್ರ್. ಇಲ್ಲದಿದ್ರೆ ಕೋರ್ಟಿಗ್ ಎಳೀತ್ರಂತೆ. ಕಾಲೇಜಿಗೆ ಗೊತ್ತಾದ್ರೆ ನನ್ ಕೆಲ್ಸದ್ ಕಥೆ ಎಂತ?"

ಸರೋಜನ ಗಂಡ ಯೋಗೀಶ್ ರಿಕ್ಷಾ ಓಡಿಸುವವನು. ಹೆಂಡತಿ ಮರ ಹತ್ತುತ್ತಾಳೆಂದು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳುವವನೇ. ಆದರೆ ಕೋರ್ಟು ಎಂದ ಕೂಡಲೇ ಅವನೂ ಹೆದರಿದ.

"ಬ್ಯಾಡ ಮಾರಾಯ್ತಿ. ಅವ್ರ್ ದೊಡ್ಡ್ ಜನ. ಕಾನೂನ್ ಅವ್ರ್ ಕೈಯಂಗ್ ಇತ್ತ್. ಬಂದ್ ಮಾಡಿಬಿಡ್."

ಸರೋಜನಿಗೂ ಹಾಗೆಯೇ ಅನಿಸಿತು. ಅಷ್ಟು ದೊಡ್ಡ ಕಂಪೆನಿ, ಅಷ್ಟು ದೊಡ್ಡ ಇಂಗ್ಲಿಷು, ಸುಳ್ಳು ಬರೆಯುತ್ತಾರೆಯೇ? ಕಾಯಿಸರದಿ ನಿಂತಿತು.

ಮತ್ತೆ ಹಳೆಯ ಗಡಿಬಿಡಿ. ಸುಂದರಿ ಒಂದು ಬದಿ, ಸರೋಜ ಇನ್ನೊಂದು ಬದಿ. ಕೆಲವು ಮನೆಗಳ ಸರದಿ ಬಿಟ್ಟೇ ಹೋಯಿತು. ಅಂಥ ಮನೆಗಳಲ್ಲಿ ಚಂದಯ್ಯನವರದೂ ಒಂದು. ದನದ ಹಟ್ಟಿಯ ಹತ್ತಿರ ಹುಲ್ಲು ತರಲು ಹೋದ ಅವರ ಭುಜದ ಮೇಲೆ ಒಣಕಾಯಿ ಬಿತ್ತು. ಸ್ವಲ್ಪ ಆಚೆ ಬಿದ್ದಿದ್ದರೆ ತಲೆಗೇ ಆಗುತ್ತಿತ್ತು.

ಸುದ್ದಿ ಕೇಳಿ ಸರೋಜ ಓಡಿದಳು. ಚಂದಯ್ಯ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು. ಬೈಯಲಿಲ್ಲ.

"ನಿನ್ ಮೊಬೈಲ್ ಸರದಿ ಹಾಳಾಯ್ತಾ ಎಂತ ಹೆಣೆ? ಒಳ್ಳೇದಿತ್ತಲೆ ಅದ್" ಎಂದರು ಅಷ್ಟೇ.

ಬೈದಿದ್ದರೇ ವಾಸಿಯಿತ್ತು ಎನಿಸಿತು ಸರೋಜನಿಗೆ. ಅವಳು ಸೀದಾ ಗೋಮತಿಯಮ್ಮನ ಮನೆಗೆ ನಡೆದಳು. ಗೋಮತಿ ಕುಂದಾಪುರದ ಕೋರ್ಟಿನಲ್ಲಿ ವಕೀಲರು. ಅವರ ಹಿತ್ತಿಲಿನ ಮರಗಳನ್ನು ಹತ್ತುವವಳೂ ಸರೋಜನೇ.

ಗೋಮತಿ ನೋಟಿಸನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದರು.

"ಸರೋಜಾ, ಇದ್ರಂಗೆ ಪೇಟೆಂಟ್ ನಂಬರ್ ಎಲ್ಲಿತ್ತ್?"

"ನಂಬರ್ ಅಂದ್ರೆ ಎಂತ ಅಮ್ಮ?"

"ಕಾಣ್, ಯಾರಾರೂ ಹೊಸ್ತ್ ಎಂತಾರೂ ಕಂಡ್ ಹಿಡಿದ್ರೆ, ಕೆಲವ್ ವರ್ಷ ಬೇರೆಯವ್ರ್ ಅದ್ನ ಕೇಣದೆ ಮಾಡುಕಾಗ ಅಂದೇಳಿ ಸರಕಾರ ಒಂದ್ ಹಕ್ಕ್ ಕೊಡತ್ತ್. ಅದೇ ಪೇಟೆಂಟ್. ಕೊಟ್ರೆ ನಂಬರೂ ಕೊಡತ್ತ್. ರಿಕ್ಷಾಕ್ಕೆ ನಂಬರ್ ಇಪ್ಪ ಹಾಂಗೆ. ಪೇಟೆಂಟ್ ಕಚೇರಿ ವೆಬ್‌ಸೈಟಂಗೆ ಯಾರ್ ಬೇಕಾರೂ ಹುಡ್ಕಿ ಕಾಂಬುಕಾತ್ತ್. ಶ್ರಾವ್ಯನ್ನ ಕರಿ."

ಶ್ರಾವ್ಯ ಸ್ಕೂಟರ್ ಹತ್ತಿ ಬಂದಳು. ಮೂವರೂ ಜಗಲಿಯಲ್ಲಿ ಕೂತು ಕಂಪೆನಿಯ ಹೆಸರು ಹಾಕಿ ಹುಡುಕಿದರು. ಸಿಕ್ಕಿದ್ದು ಒಂದೇ ಒಂದು ಅರ್ಜಿ. ಪೇಟೆಂಟ್ ಬೇಕು ಎಂದು ಕೇಳಿದ ಅರ್ಜಿ. ಕೊಟ್ಟದ್ದಲ್ಲ.

"ಹಾಂಗಾರೆ ಇನ್ನೂ ಸಿಕ್ಕಲೇ ಇಲ್ಲ್ಯಾ?" ಸರೋಜ ಕೇಳಿದಳು.

"ಇಲ್ಲೆ. ಸಿಕ್ಕುವರಿಗೆ ಅವ್ರಿಗೆ ನಿನ್ ಮೇಲೆ ಕೇಸ್ ಹಾಕುಕೆ ಆತಿಲ್ಲ. ಮತ್ತೊಂದ್ ಕೇಣ್. ನಮ್ ದೇಶದ್ ಕಾನೂನಂಗೆ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ, ಬರೀ ಲೆಕ್ಕದ್ ವಿಧಾನಕ್ಕೆ, ವ್ಯಾಪಾರ ಮಾಡೂ ಕ್ರಮಕ್ಕೆ ಪೇಟೆಂಟ್ ಕೊಡುದಿಲ್ಲ. ಸರದಿ ಹಾಕೂದ್ ಗದ್ದಿ ನೀರಿಗೂ ಇತ್ತ್, ರೇಶನ್ ಅಂಗಡಿಗೂ ಇತ್ತ್. ಅದ್ನೇ ಮೊಬೈಲಿಗ್ ಹಾಕಿದ್ ಕೂಡ್ಲೆ ಒಬ್ಬನ ಸ್ವಂತದ್ದ್ ಆತ್ತಾ?"

ಸರೋಜನ ಸಂಶಯ ಹೋಗಿರಲಿಲ್ಲ. "ಹಾಂಗಾರೆ ಸಾಫ್ಟ್‌ವೇರ್ ಅಂದ್ರೆ ಯಾವ್ದಕ್ಕೂ ಪೇಟೆಂಟ್ ಇಲ್ಲ್ಯಾ ಅಮ್ಮ? ನಾಳೆ ಮತ್ತೊಬ್ಬ ಬಂದ್ರೆ?"

"ಹಾಂಗ್ ಹೇಳೂಕಾಗ. ಸಾಫ್ಟ್‌ವೇರಿಂದ ಯಂತ್ರ ಹೊಸ ರೀತಿ ಕೆಲ್ಸ ಮಾಡೂ ಹಾಂಗಾದ್ರೆ ಕೆಲವಕ್ಕೆ ಸಿಕ್ಕೂದೂ ಇತ್ತ್. ಅದ್ಕೇ ಹೇಳೂದ್, ನೋಟಿಸ್ ಬಂದ್ರೆ ಹೆದ್ರಿ ಬಾಗ್ಲ್ ಹಾಕಬೇಡ, ಹಾಂಗಂತ ಹರ್ದ್ ಬಿಸಾಡಲೂ ಬೇಡ. ಕೇಣ್, ಕಾಣ್, ಉತ್ತರ ಬರಿ." ಶ್ರಾವ್ಯನ ಕಡೆ ತಿರುಗಿ ಕೇಳಿದರು, "ನೀನ್ ಅವ್ರ್ ಪ್ರೋಗ್ರಾಂ ನಕಲ್ ಮಾಡಿದ್ಯಾ?"

"ಇಲ್ಲೆ ಅಮ್ಮ. ಸಾಲ್ ಸಾಲೂ ನಾನೇ ಬರ್ದದ್."

"ಹಾಂಗಾರೆ ಅದ್ರ್ ಕಾಪಿರೈಟ್ ನಿಂದೇ. ಬರ್ದ್ ಗಳಿಗೆಯಿಂದ್ಲೇ ನಿಂದ್. ಅದ್ಕೆ ಯಾರ ಸೀಲೂ ಬೇಡ."

ಶ್ರಾವ್ಯನಿಗೆ ಉಸಿರು ಬಂದ ಹಾಗಾಯಿತು. ಸರೋಜ ಮಾತ್ರ ಇನ್ನೂ ಯೋಚನೆಯಲ್ಲೇ ಇದ್ದಳು.

"ಪೇಟೆಂಟೇ ಇಲ್ದೆ ಅವ್ರ್ ಹೀಂಗೆ ಬರ್ದದ್ ಎಂತಕೆ?"

"ನೀವ್ ಹೆದ್ರತ್ರಿ ಅಂದೇಳಿ. ಹೆದ್ರಿ ನಿಲ್ಸಿಯೂ ಬಿಟ್ರಿಯಲ್ಲ! ಸುಮ್‌ಸುಮ್ನೆ ಪೇಟೆಂಟ್ ಹೆಸರಂಗೆ ಬೆದರ್ಸಿದ್ರೆ, ಬೆದರ್ಸಿದವ್ರ್ ಮೇಲೇ ಕೋರ್ಟಿಗ್ ಹೋಪುಕೆ ನಮ್ ಕಾನೂನಂಗೆ ದಾರಿ ಇತ್ತ್."

ಇಷ್ಟು ದಿನ ಕಾನೂನು ಎಂದರೆ ದೊಡ್ಡವರ ಕೈಯಲ್ಲಿರುವ ಬೆತ್ತ ಎಂದುಕೊಂಡಿದ್ದಳು ಸರೋಜ. ತನಗೂ ಹಿಡಿದುಕೊಳ್ಳಲು ಅದರಲ್ಲಿ ಒಂದು ತುದಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಗೋಮತಿ ಉತ್ತರ ಬರೆದು ಕಳಿಸಿದರು. ಪೇಟೆಂಟ್ ನಂಬರ್ ಕೊಡಿ, ಇಲ್ಲವಾದರೆ ಬೆದರಿಕೆ ಹಿಂದಕ್ಕೆ ತೆಗೆದುಕೊಳ್ಳಿ ಎಂಬುದೇ ಅದರ ಸಾರ.

ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ರತನ್ ಮತ್ತೆ ಫೋನು ಮಾಡಿದ. ಯೋಗೀಶ್ ಉಣ್ಣುವುದನ್ನು ನಿಲ್ಲಿಸಿ ಕೂತ. ಸರೋಜ ಅವನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ನೋಡಿ ಮೇಡಂ, ಕೋರ್ಟು ಅಂದರೆ ನಿಮಗೇ ತೊಂದರೆ. ಮನೆಗಳ ಪಟ್ಟಿ, ಫೋನ್ ನಂಬರ್ ನಮಗೆ ಕೊಡಿ. ನಮ್ಮ ಆಪ್‌ಗೆ ಬನ್ನಿ. ಎಲ್ಲ ಮರೆತುಬಿಡೋಣ."

ಓಹೋ, ಇವರಿಗೆ ಬೇಕಾದದ್ದು ಇದು, ಎಂದು ಸರೋಜನಿಗೆ ಅರ್ಥವಾಯಿತು. ಯಾವ ಮನೆ ಎಲ್ಲಿದೆ, ಮನೆಯಲ್ಲಿ ಯಾವ ದಿನ ಜನ ಇರುತ್ತಾರೆ, ಯಾವ ದಿನ ಇರುವುದಿಲ್ಲ, ಎಲ್ಲವೂ ಅದರಲ್ಲಿತ್ತು.

"ಕೇಣಿ," ಎಂದಳು. "ಆ ಮನಿಯವ್ರ್ ನಂಬರ್ ಕೊಟ್ಟದ್ ಕಾಯಿ ಕೊಯ್ಯುಕೆ. ಅವ್ರನ್ ಕೇಣದೆ ನಿಮ್ಗೆ ಕೊಡುಕೆ ನಾನ್ಯಾರ್? ಅದಾತಿಲ್ಲ. ಈಗ ನಿಮ್ ಪೇಟೆಂಟ್ ನಂಬರ್ ಹೇಳಿ ಕಾಂಬ."

ರತನ್ ತಡವರಿಸಿದ. "ಅದು... ನಮ್ಮ ಲೀಗಲ್ ಟೀಮ್ ಕಳಿಸ್ತಾರೆ."

"ಸೈ. ಕಳ್ಸಿ. ನಮ್ ವಕೀಲರಮ್ಮನೂ ಕಾಯ್ತಾ ಇದ್ರ್."

ಫೋನು ಇಟ್ಟ ಮೇಲೆ ಯೋಗೀಶ್ ಅವಳ ಮುಖವನ್ನೇ ನೋಡಿದ. "ಅಲ್ಲ ಮಾರಾಯ್ತಿ, ಅಂವ ಹೆದ್ರಿದನಲ್ಲೆ!" ಎಂದು ನಕ್ಕ. ಸರೋಜನ ಹೆದರಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೆ ಅನ್ನ ರುಚಿಯಾಗಿತ್ತು.

ಕಂಪೆನಿಯ ಉತ್ತರ ಬಂತು. ಸದ್ಯ ತಮಗೆ ಪೇಟೆಂಟ್ ಮಂಜೂರಾಗಿಲ್ಲ, ಹಿಂದಿನ ನೋಟಿಸನ್ನು ಮುಂದುವರಿಸುವುದಿಲ್ಲ ಎಂದು ನಯವಾಗಿ ಬರೆದಿದ್ದರು. ಗೋಮತಿ ಅಷ್ಟಕ್ಕೇ ಬಿಡಲಿಲ್ಲ. ಅರ್ಜಿ ಇನ್ನೂ ಕಚೇರಿಯಲ್ಲೇ ಇದೆಯಲ್ಲ! ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಆಕ್ಷೇಪ ಹಾಕಬಹುದು. ಶ್ರಾವ್ಯ, ಸರೋಜ ಇಬ್ಬರೂ ಸಹಿ ಹಾಕಿ ಆಕ್ಷೇಪ ಸಲ್ಲಿಸಿದರು. ಅದರ ತೀರ್ಮಾನ ಇನ್ನೂ ಆಗಿಲ್ಲ. ಆಗುವವರೆಗೆ ಹೆದರಿ ಕೂರುವ ಅಗತ್ಯವೂ ಇಲ್ಲ.

ಕಾಯಿಸರದಿ ಮತ್ತೆ ಶುರುವಾಯಿತು. ಮೊದಲ ಸರದಿ ಚಂದಯ್ಯನವರ ಮನೆಯದ್ದು. ಶ್ರಾವ್ಯ ಆ ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಿಕೊಳ್ಳಬಹುದು, ಹಂಚಿಕೊಳ್ಳಬಹುದು ಎಂದು ಬರೆದು ಬಿಟ್ಟುಕೊಟ್ಟಳು. ತ್ರಾಸಿಯವರು ತೆಗೆದುಕೊಂಡರು. ಸಿದ್ದಾಪುರದವರು ಅದನ್ನೇ ಸ್ವಲ್ಪ ಬದಲಾಯಿಸಿ ಅಡಿಕೆಗೆ ಮದ್ದು ಹೊಡೆಯುವ ಸರದಿ ಮಾಡಿಕೊಂಡರು. ರಿಕ್ಷಾ ಸ್ಟ್ಯಾಂಡಿನಲ್ಲಿ ಯಾರಾದರೂ ನೋಟಿಸು, ಕೋರ್ಟು ಎಂದು ಗೋಳಾಡಿದರೆ ಯೋಗೀಶ್ ಈಗ ಕೇಳುವ ಮೊದಲ ಮಾತು, "ನಂಬರ್ ಇತ್ತಾ ಕಂಡ್ಯಾ?"

ಅಕ್ಕ, ಅಣ್ಣ, ಓದುತ್ತಿರುವ ನಿಮಗೂ ಇದೇ ಮಾತು. ನೀವೋ ನಿಮ್ಮ ಮಕ್ಕಳೋ ಕಂಪ್ಯೂಟರಿನಲ್ಲಿ ಏನಾದರೂ ಮಾಡಿದ್ದೀರಾ? ಯಾರದನ್ನೂ ನಕಲು ಮಾಡದೆ ಸ್ವಂತವಾಗಿ ಬರೆದಿದ್ದರೆ ಅದು ನಿಮ್ಮದು. ನಾಳೆ ಯಾರೋ ಪೇಟೆಂಟ್ ಎಂದು ಬೆದರಿಸಿದರೆ ಕೂಡಲೇ ಒಪ್ಪಬೇಡಿ, ಸಹಿ ಹಾಕಬೇಡಿ, ನಿಮ್ಮನ್ನು ನಂಬಿದವರ ಹೆಸರು ನಂಬರು ಒಪ್ಪಿಸಿಬಿಡಬೇಡಿ. ಪೇಟೆಂಟ್ ನಂಬರ್ ಕೇಳಿ, ಹುಡುಕಿ ನೋಡಿ. ವಕೀಲರಿಗೆ ಕೊಡಲು ಕೈಯಲ್ಲಿ ದುಡ್ಡಿಲ್ಲ ಎಂದು ಹಿಂಜರಿಯಬೇಡಿ: ತಾಲ್ಲೂಕಿನ ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಹೆದರಿಕೆಯಾದರೆ ಆಗಲಿ, ಸರೋಜನಿಗೂ ಆಗಿತ್ತು. ಹೆದರಿಕೊಂಡೇ ಕೇಳಿ. ಆದರೆ ಕೇಳದೆ ಮಾತ್ರ ನಿಮ್ಮ ಕೆಲಸ ನಿಲ್ಲಿಸಬೇಡಿ.