ಎಡಗಡೆಯ ಕಂಟ್ರೋಲರ್

ಭಾನುವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಗಂಗಾ ಎರಡನೇ ಆಟವನ್ನೂ ಸೋತಳು. ಐದರಲ್ಲಿ ಮೂರು ಗೆಲ್ಲಬೇಕಿತ್ತು. ಎದುರಾಳಿ ರಿಮ್ಶಾಗೆ ಇನ್ನೊಂದೇ ಸಾಕಿತ್ತು.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಗೇಮಿಂಗ್ ಸೆಂಟರ್. ಒಂದು ದೊಡ್ಡ ಪರದೆ, ಮುಂದೆ ಎರಡು ಕುರ್ಚಿ, ಹಿಂದೆ ನಿಂತ ನಲವತ್ತು ಜನ. ಪರದೆಯಲ್ಲಿ ಇಬ್ಬರು ಕಾಳಗದಾಳುಗಳು ಹೊಡೆದಾಡುವ ಆಟ. ಗೆದ್ದವರಿಗೆ ಮೂರು ತಿಂಗಳ ಲೀಗಿನಲ್ಲಿ ಸ್ಥಾನ. ಲೀಗಿನ ಪಂದ್ಯಗಳೆಲ್ಲ ಭಾನುವಾರ.

ಗಂಗಾಳಿಗೆ ಬೇಕಿದ್ದುದು ಆ ಭಾನುವಾರಗಳೇ. ಇಪ್ಪತ್ಮೂರು ವರ್ಷದ ಅವಳು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತಿದ್ದಳು. ಸೀರೆ ವಿಭಾಗದ ಇಬ್ಬರಲ್ಲಿ ಒಬ್ಬರು, ಗಂಗಾ ಇಲ್ಲವೇ ಭಾಗ್ಯಲಕ್ಷ್ಮಿ, ಮುಂದಿನ ವಾರದಿಂದ ಪ್ರತಿ ಭಾನುವಾರ ಬರಬೇಕೆಂದು ಮಾಲೀಕರು ಹೇಳಿದ್ದರು. ಭಾಗ್ಯಲಕ್ಷ್ಮಿಗೆ ಎರಡು ವರ್ಷದ ಮಗುವಿತ್ತು.

"ಆಟ ಗೀಟ ಅಂತ ಬಾಯಲ್ಲಿ ಹೇಳ್ಬೇಡಮ್ಮ. ಸೆಲೆಕ್ಟ್ ಆಗಿರೋ ಲೆಟರ್ ತಂದು ತೋರ್ಸು. ಇಲ್ಲಾಂದ್ರೆ ಭಾನುವಾರ ನಿಂದೇ," ಎಂದಿದ್ದರು.

ಆಟಗಳ ನಡುವೆ ಎರಡು ನಿಮಿಷ ಬಿಡುವು. ಆಗ ಜೊತೆಗಾರರು ಸಲಹೆ ಕೊಡಬಹುದು. ಗಂಗಾಳ ಗೆಳೆಯ ಸೂರ್ಯ ಬಗ್ಗಿ ಹೇಳಿದ:

"ಮಗಾ, ಬಿದ್ದು ಏಳ್ತಿದ್ದ ಹಾಗೇ ಹಾರ್ತಿದ್ಯ. ಒಂಬತ್ತು ಸಲ ಬಿದ್ದೆ, ಒಂಬತ್ತು ಸಲಾನೂ ಹಾರ್ದೆ. ಎಣಿಸ್ಕೊಂಡು ಕೂತಿದ್ದೀನಿ ನಾನು."

"ಹಾರ್ಲಿಲ್ಲಾಂದ್ರೆ ಕಾಲಿಗೆ ಒದೀತಾಳೆ."

"ಕೂತ್ಕೊಂಡು ತಡಿ. ಕೆಳಗಿನ ಬಟನ್ ಯಾತಕ್ಕಿದೆ ಗುರು?"

ಗಂಗಾ ತನ್ನ ಎಡಗೈ ಹೆಬ್ಬೆರಳನ್ನು ನೋಡಿಕೊಂಡಳು. ಅವಳು ಈ ಆಟ ಕಲಿತದ್ದು ಹಲಸೂರಿನಲ್ಲಿ, ಈಗ ಮುಚ್ಚಿರುವ ಪಿಳ್ಳಪ್ಪನವರ ಗೇಮ್ ಅಂಗಡಿಯಲ್ಲಿ. ಅಲ್ಲಿದ್ದುದು ಎರಡೇ ಕಂಟ್ರೋಲರ್. ಎಡಗಡೆಯದಕ್ಕೆ ಟೇಪು ಸುತ್ತಿತ್ತು. ಅದರ ಕೆಳಗಿನ ಬಟನ್ ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು, ಕೂತ ಆಳು ಏಳುತ್ತಲೇ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಮನೆಗೆ ನೀರು ಹಿಡಿದಿಟ್ಟು ಬರುತ್ತಿದ್ದ ಗಂಗಾಳಿಗೆ ಯಾವಾಗಲೂ ಸಿಗುತ್ತಿದ್ದುದು ಅದೇ. ಕಾಲಿಗೆ ಬರುವ ಒದೆತ ತಪ್ಪಿಸಲು ಅವಳು ಹಾರುವುದನ್ನು ಕಲಿತಳು. ಆಮೇಲೆ ಒಳ್ಳೆಯ ಕಂಟ್ರೋಲರ್‌ಗಳು ಸಿಕ್ಕರೂ ಒತ್ತಡದಲ್ಲಿ ಹೆಬ್ಬೆರಳು ಮೇಲಕ್ಕೇ ಹೋಗುತ್ತಿತ್ತು. ಇದುವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ.

"ಕೈಕು? ಯಾಕೆ ಇಷ್ಟು ಯೋಚನೆ?" ಪಕ್ಕದ ಕುರ್ಚಿಯಿಂದ ರಿಮ್ಶಾ ಕೇಳಿದಳು. ಶಿವಾಜಿನಗರದವಳು, ಗಂಗಾಳಿಗಿಂತ ನಾಲ್ಕು ವರ್ಷ ದೊಡ್ಡವಳು. "ಹಾರು ಮಿಡತೆ, ಹಾರು. ನಾನು ಕೆಳಗೆ ಕಾಯ್ತಿರ್ತೀನಿ."

ಏಳುವವರು ಹಾರುತ್ತಾರೆಂದೇ ಕಾಯುವವರನ್ನು ಗಂಗಾ ನೋಡಿದ್ದು ಒಂದೇ ಅಂಗಡಿಯಲ್ಲಿ. "ನೀವು ಹಲಸೂರಲ್ಲಿ ಆಡ್ತಿದ್ರಾ? ಪಿಳ್ಳಪ್ಪ ಅವ್ರ ಅಂಗಡೀಲಿ?"

"ಪಿಳ್ಳಪ್ಪ ಅಂಕಲ್! ಸ್ಕೂಲ್ ಬೆಲ್ ಹೊಡೀತಿದ್ದ ಹಾಗೇ ಓಡ್ತಿದ್ದೆ. ಬಲಗಡೆ ಕುರ್ಚಿ ಯಾವಾಗ್ಲೂ ನಂದೇ."

ಹೇಳಿ ಮುಗಿಸುವಷ್ಟರಲ್ಲಿ ಅವಳ ನಗು ನಿಂತಿತು.

ಗಂಗಾಳಿಗೆ ಅಷ್ಟು ಸಾಕಾಯಿತು. ರಿಮ್ಶಾ ಬೆಳೆದದ್ದು ಎಡಗಡೆ ಕೂತವರನ್ನು ಸೋಲಿಸುತ್ತ. ಕೂರಲಾಗದ, ಹಾರಿಯೇ ಹಾರುವ ಜನರನ್ನು. ಎದುರಾಳಿ ಏಳುವಾಗ ಮೇಲ್ಮುಖವಾಗಿ ಗುದ್ದುವುದು ಅವಳ ರೂಢಿ.

ಮೂರನೇ ಆಟದಲ್ಲಿ ಗಂಗಾಳ ಆಳು ಮೊದಲ ಸಲ ಬಿದ್ದಾಗ ಅವಳು ಕೆಳಗಿನ ಬಟನ್ ಒತ್ತಿದಳು. ಬಟನ್ ಸಿಕ್ಕಿಕೊಳ್ಳಲಿಲ್ಲ. ರಿಮ್ಶಾಳ ಗುದ್ದು ಗಾಳಿಗೆ ಹೋಯಿತು. ಕೂತಿದ್ದ ಆಳು ಎದ್ದು ನಾಲ್ಕು ಏಟು ಬಿಗಿಯಿತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಎರಡು ಮೂವತ್ತೆರಡಕ್ಕೆ ಆ ಆಟ ಗಂಗಾಳದಾಯಿತು. ಎರಡು ನಲವತ್ತೊಂದಕ್ಕೆ ನಾಲ್ಕನೆಯದೂ.

"ಅರೆ, ಮಿಡತೆ ಕೂರೋದು ಕಲ್ತ್‌ಬಿಟ್ಟಿದೆ," ಎಂದಳು ರಿಮ್ಶಾ. ಈ ಸಲ ಗಂಗಾಳ ಕಡೆ ತಿರುಗದೆ, ಪರದೆಯನ್ನೇ ನೋಡುತ್ತ.

ಐದನೇ ಆಟ. ಅದರ ಮೂರು ಸುತ್ತುಗಳಲ್ಲಿ ಒಂದೊಂದು ಇಬ್ಬರಿಗೂ ಹೋಯಿತು. ಕೊನೆಯ ಸುತ್ತಿನಲ್ಲಿ ಪರದೆಯ ಮೇಲೆ ಇಬ್ಬರ ಆಳಿನ ಶಕ್ತಿ ತೋರಿಸುವ ಪಟ್ಟಿಯೂ ಬೆರಳಗಲಕ್ಕೆ ಇಳಿದಿತ್ತು. ಇನ್ನೊಂದು ಏಟು ತಿಂದವರು ಸೋಲುತ್ತಾರೆ. ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್.

ಆ ಸುತ್ತಿನಲ್ಲಿ ಗಂಗಾಳ ಆಳು ಮೂರು ಸಲ ಬಿದ್ದಿತ್ತು. ಮೂರು ಸಲವೂ ತಡೆಯಲು ಕೂತಿತ್ತು. ಮೂರನೇ ಸಲ ರಿಮ್ಶಾ ಗುದ್ದಲಿಲ್ಲ, ಒದೆಯಲಿಲ್ಲ. ಸುಮ್ಮನೆ ನಿಂತು ನೋಡಿದಳು.

ನಾಲ್ಕನೇ ಸಲ ಗಂಗಾ ಎಸೆತಕ್ಕೆ ಸಿಕ್ಕಿ ಬಿದ್ದಳು. ಎಸೆತದ ಪೆಟ್ಟು ಏಟಿಗಿಂತ ಹಗುರ, ಪಟ್ಟಿಯಲ್ಲಿ ಗೆರೆಯಷ್ಟು ಉಳಿಯಿತು. ಆಳು ಏಳಲು ಮುಕ್ಕಾಲು ಸೆಕೆಂಡ್.

ಹಿಂದಿನ ಸಲ ರಿಮ್ಶಾ ಸುಮ್ಮನೆ ನೋಡಿದ್ದು ಯಾಕೆ? ಹೆಬ್ಬೆರಳು ಆಗಲೇ ಕೆಳಗಿನ ಬಟನ್ ಮೇಲಿತ್ತು. ಅರ್ಧ ಗಂಟೆಯಲ್ಲಿ ಅದೂ ರೂಢಿಯಾಗಿಬಿಟ್ಟಿತ್ತು. ರಿಮ್ಶಾ ನೋಡಿದ್ದು ಅದನ್ನೇ. ಕೂತವರ ತಲೆಯ ಮೇಲೆ ಬೀಳುವ ಏಟೊಂದಿದೆ. ಅದನ್ನು ತಡೆಯುವುದು ನಿಂತವರಿಂದ ಮಾತ್ರ ಸಾಧ್ಯ.

"ಕೂತ್ಕೋ!" ಎಂದು ಹಿಂದಿನಿಂದ ಸೂರ್ಯ ಕಿರುಚಿದ.

ಗಂಗಾ ಕೂರಲಿಲ್ಲ, ಹಾರಲೂ ಇಲ್ಲ. ನಿಂತೇ ತಡೆಯಲು, ಹಿಂದಕ್ಕೆ ಸರಿಯುವ ಬಟನ್ ಒಂದನ್ನೇ ಒತ್ತಿಹಿಡಿದಳು. ಆಳು ಎದ್ದು ಕೈ ಅಡ್ಡ ಹಿಡಿದು ನಿಂತಿತು. ರಿಮ್ಶಾಳ ಏಟು ಮೇಲಿನಿಂದ ಬಂದು ಆ ಕೈಗೆ ತಾಗಿ ನಿಂತಿತು. ಗಂಗಾ ಸಣ್ಣದೊಂದು ಒದೆತ ಒದ್ದಳು, ಕಾಲಿಗೆ.

ಎರಡು ಗಂಟೆ ಐವತ್ಮೂರು ನಿಮಿಷ.

ರಿಮ್ಶಾ ಕಂಟ್ರೋಲರ್ ಮೇಜಿನ ಮೇಲಿಟ್ಟು ಕೈ ಚಾಚಿದಳು. "ಆ ಟೇಪ್ ಸುತ್ತಿದ್ದ ಕಂಟ್ರೋಲರ್ ನಾನು ಒಂದಿನಾನೂ ಮುಟ್ಟಿಲ್ಲ ಕಣೇ," ಎಂದಳು. "ಮುಟ್ಟಿದ್ರೆ ಚೆನ್ನಾಗಿರ್ತಿತ್ತು."

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗಂಗಾ ಆಯ್ಕೆಪತ್ರವನ್ನು ಮಾಲೀಕರ ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು. ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯಲ್ಲಿ ಭಾನುವಾರದ ಎದುರಿದ್ದ ಗಂಗಾಳ ಹೆಸರನ್ನು ಹೊಡೆದುಹಾಕಿ, ಭಾಗ್ಯಲಕ್ಷ್ಮಿಯ ಹೆಸರು ಬರೆದರು.