ಒಳಗಿನಿಂದ ಕೇಳಿದವಳು

ದೌಲತರಾಯನಿಗೆ ಜೇವರ್ಗಿಯಿಂದ ಆಳಂದದ ದನದ ದವಾಖಾನೆಗೆ ವರ್ಗವಾದಾಗ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೀರಾಬಾಯಿಯ ಮನೆ ಖಾಲಿ ಬಿದ್ದಿತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ದವಾಖಾನೆಯ ಜವಾನ ಲಾಡ್ಲೆಸಾಬ ಮಾತ್ರ ತಲೆ ಅಲ್ಲಾಡಿಸಿದ.

"ಆ ಮನಿ ಬ್ಯಾಡ್ರಿ ಸಾಹೇಬ್ರ. ಅಲ್ಲಿ ಯಾರೂ ನಿಲ್ಲಂಗಿಲ್ಲ."

ಯಾಕೆಂದು ಕೇಳುವ ವ್ಯವಧಾನವೂ ಇಲ್ಲದೆ ದೌಲತರಾಯ ಆ ಮನೆಯನ್ನೇ ಬಾಡಿಗೆಗೆ ಹಿಡಿದ. ದೆವ್ವಕ್ಕಿಂತ ಹೆಚ್ಚು ಹೆದರಿಸುವ ಮೌನವೊಂದು ಅವನ ಜೊತೆಗೇ ಎರಡು ವರ್ಷದಿಂದ ಬಾಳುತ್ತಿತ್ತು.

ಹೆಂಡತಿ ಶಿವಕಾಂತಾ ಇಜೇರಿಯವಳು. ಮದುವೆಯಾದ ಹೊಸದರಲ್ಲಿ ಆಕೆಗೆ ಎಲ್ಲವೂ ಬೇಕಿತ್ತು. ಯಾರ ಎಮ್ಮೆ ಈಯಿತು, ಯಾವ ಎತ್ತಿಗೆ ಜ್ವರ, ದಾರಿಯಲ್ಲಿ ಯಾರು ಸಿಕ್ಕರು, ಏನಂದರು. ಅವನು ಚಪ್ಪಲಿ ಕಳಚುವುದರೊಳಗೆ ಹತ್ತು ಪ್ರಶ್ನೆ ಮುಗಿದಿರುತ್ತಿದ್ದವು. ೧೯೭೯ರ ಬೇಸಿಗೆಯಲ್ಲಿ ಅದು ನಿಂತಿತು.

ಆ ಬೇಸಿಗೆಯಲ್ಲಿ ಇಜೇರಿಯ ಪೀರಪ್ಪ ಜೇವರ್ಗಿಯ ದವಾಖಾನೆಗೆ ಬಂದು, "ನಿಮ್ಮ ಮಾವಗ ಭಾಳ ಆಗ್ಯಾದ, ಮಗಳಿಗಿ ನೆನಸಾಕತ್ತಾರ, ಲಗೂನ ಕರಕೊಂಡು ಬರ್ರಿ" ಎಂದು ಹೇಳಿ ಹೋಗಿದ್ದ. ಮರುದಿನ ದೌಲತರಾಯನ ತಂಗಿಯ ನಿಶ್ಚಯ. ಮನೆತುಂಬ ಬೀಗರು ಬರುವವರು, ಅಡಿಗೆಗೆ ಶಿವಕಾಂತಾಳೇ ಮುಂದೆ. ಒಂದು ದಿನದ ಮಾತಲ್ಲವೇ ಎಂದು ಅವನು ಸುದ್ದಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ನಿಶ್ಚಯ ಮುಗಿದ ಮರುದಿನ ಅವರು ಇಜೇರಿ ಮುಟ್ಟಿದಾಗ ಆಕೆಯ ಅಪ್ಪನನ್ನು ಮಣ್ಣು ಮಾಡಿ ಜನ ಹೊಲದಿಂದ ತಿರುಗಿ ಬರುತ್ತಿದ್ದರು. ಪೀರಪ್ಪ ಎಲ್ಲರೆದುರು ಅಂದುಬಿಟ್ಟ: "ನಾ ಮೊನ್ನೆನೇ ಹೇಳಿದ್ನಲ್ಲರಿ!"

ಶಿವಕಾಂತಾ ಜಗಳವಾಡಲಿಲ್ಲ. ತವರಿಗೂ ಹೋಗಿ ಕೂರಲಿಲ್ಲ. ರೊಟ್ಟಿ ಬಡಿದಳು, ನೀರು ಕಾಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಾನಾಗಿ ಅವನನ್ನು ಏನನ್ನೂ ಕೇಳಲಿಲ್ಲ, ಅಷ್ಟೇ.

ಆಳಂದಕ್ಕೆ ಬಂದ ಮೊದಲ ವಾರ. ಒಂದು ಸಂಜೆ ದೌಲತರಾಯ ಹೊಸ್ತಿಲು ದಾಟುತ್ತಿದ್ದಂತೆ ಒಳಮನೆಯಿಂದ ಮೆಲ್ಲಗೆ ಕೇಳಿಸಿತು.

"ಬಂದ್ರೇನ್ರಿ?"

ಎರಡು ವರ್ಷದ ಮೇಲೆ ಒಂದು ಪ್ರಶ್ನೆ! "ಹೂಂ, ಬಂದ್ನಿ ಕಾಂತಾ" ಅಂದ. ಒಳಗೆ ಹೋದರೆ ಶಿವಕಾಂತಾ ಹಿತ್ತಲಲ್ಲಿ ನೀರು ಸೇದುತ್ತಿದ್ದಳು, ತಿರುಗಿ ನೋಡಲಿಲ್ಲ. ಇನ್ನೂ ಸಂಕೋಚವಿರಬೇಕು ಎಂದುಕೊಂಡ. ಆ ಹುರುಪಿನಲ್ಲೇ ಮರುದಿನ ಬೇಗ ಬಂದ. ಮತ್ತೆ ಅದೇ ಕೇಳಿಸಿತು. ಬರಬರುತ್ತ ಅವನ ನಡಿಗೆಯೇ ಬದಲಾಯಿತು. ಬಜಾರದಿಂದ ಒಮ್ಮೆ ಮಲ್ಲಿಗೆ ದಂಡೆ ತಂದು ದೇವರ ಮಾಡದ ಹತ್ತಿರ ಇಟ್ಟ. ಯಾರಿಗೆಂದು ಹೇಳಲಿಲ್ಲ. ಆಕೆಯೂ ಕೇಳಲಿಲ್ಲ.

ಗಂಡ ಬಾಗಿಲಲ್ಲಿ ಯಾರೊಂದಿಗೆ ಮಾತಾಡುತ್ತಾನೆ ಎಂದು ಶಿವಕಾಂತಾಳಿಗೆ ಸೋಜಿಗ. ಪಕ್ಕದ ಮನೆಯಲ್ಲೇ ಇದ್ದ ಹೀರಾಬಾಯಿಯನ್ನು ವಿಚಾರಿಸಿದಳು. ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು.

"ನಮ್ಮ ನೆಗೆಣ್ಣಿ ತುಳಸಾಬಾಯಿ ಯವ್ವಾ. ಆಕಿ ಗಂಡ ಪಾಂಡುರಂಗ, ನನ್ನ ಮೈದುನ, ಸೊಲ್ಲಾಪುರದ ಗಿರಣಿಗಿ ಹೋದಾಂವ ತಿರುಗಿ ಬರ್ಲೇ ಇಲ್ಲ. ದೀಪ ಹಚ್ಚೋ ಹೊತ್ತಿಗಿ ಬಾಗಲಾಗ ಯಾರರ ಹೆಜ್ಜಿ ಇಟ್ರ ಸಾಕು, 'ಬಂದ್ರೇನ್ರಿ' ಅಂತಿದ್ಲು. ಸಾಯೋ ತನಕಾನೂ. ಸತ್ತ ಮ್ಯಾಲೂ."

"ಏನರ ಮಾಡ್ತಾಳೇನು ಆಯಿ?"

"ಏನ್ ಮಾಡ್ತಾಳ? ಕೇಳ್ತಾಳ, ಅಷ್ಟ. ಅದಕ್ಕ ಹೆದರಿ ಜನ ಓಡತಾರ."

ಆ ಸಂಜೆ ಶಿವಕಾಂತಾ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಹೊರಗೆ ಚಪ್ಪಲಿಯ ಸದ್ದಾಯಿತು. ಕೈಯಳತೆಯಲ್ಲಿ, ಯಾರೂ ಇಲ್ಲದ ಕಡೆಯಿಂದ, ದನಿ ಬಂತು. ಆದರೆ ಅದಕ್ಕಿಂತ ಹೆಚ್ಚು ತಟ್ಟಿದ್ದು ಗಂಡನ ಉತ್ತರ. "ಬಂದ್ನಿ ಕಾಂತಾ" ಎಂಬ ಆ ದನಿಯನ್ನು ಆಕೆ ಮದುವೆಯಾದ ವರ್ಷ ಕೇಳಿದ್ದಳು. ಸತ್ತವಳ ಪಾಲಿಗೆ ಹೋಗುತ್ತಿದ್ದ ತನ್ನ ಹೆಸರನ್ನು ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೇಳಿಬಿಟ್ಟರೆ ಆ ಕರೆಯೂ ನಿಂತುಹೋಗುತ್ತದೆ. ಹೇಳಲಿಲ್ಲ. ಮರುದಿನ ಸಂಜೆಯೂ ಅದೇ ಬಾಗಿಲ ಮರೆಯಲ್ಲಿ ಹೋಗಿ ನಿಂತಳು.

ಹಾಗೆಯೇ ಚಳಿಗಾಲ ಕಳೆಯಿತು. ಒಂದು ಸಂತೆಯ ದಿನ ಸಂಜೆ ಶಿವಕಾಂತಾ ಕಾಯಿಪಲ್ಲೆ ಹೊತ್ತು ಓಣಿಗೆ ತಿರುಗಿದಾಗ ದೌಲತರಾಯ ಎದುರಾದ. ಇಬ್ಬರೂ ಜೊತೆಗೇ ಮನೆ ಮುಟ್ಟಿದರು. ಬಾಗಿಲಿಗೆ ಕೀಲಿ ಇತ್ತು. ಅವನು ಅದನ್ನು ತೆಗೆದು ಒಳಗೆ ಕಾಲಿಟ್ಟ.

"ಬಂದ್ರೇನ್ರಿ?"

ಅವನು ಹೆಂಡತಿಯ ತುಟಿ ನೋಡಿದ. ಅವು ಅಲುಗಿರಲಿಲ್ಲ.

"ಅದು ನಾ ಅಲ್ಲರಿ" ಎಂದಳು ಶಿವಕಾಂತಾ. "ಎಂದೂ ನಾ ಆಗಿರ್ಲಿಲ್ಲ."

ದೌಲತರಾಯ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ಆಕೆ ತುಳಸಾಬಾಯಿಯ ಕಥೆ ಹೇಳಿದಳು. ಅವನಿಗೆ ಹೆದರಿಕೆ ಬರಲಿಲ್ಲ. ಆಕೆಯ ಮುಖ ನೋಡುತ್ತ ಕೇಳಿದ.

"ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?"

"ಪೀರಪ್ಪ ಹೇಳಿದ್ದು ನಿಮಗ ಗೊತ್ತಿತ್ತು. ನೀವ್ಯಾಕ ಹೇಳಲಿಲ್ಲ?"

ಎರಡು ವರ್ಷಕ್ಕೂ ಮೇಲ್ಪಟ್ಟು ಅವನು ಕಾದಿದ್ದ ಪ್ರಶ್ನೆ ಅದೇ. ತಂಗಿ, ಬೀಗರು, ಮರ್ಯಾದೆ ಎಂದೆಲ್ಲ ಕಟ್ಟಿಟ್ಟಿದ್ದ ಉತ್ತರಗಳನ್ನೆಲ್ಲ ಅವನು ಬದಿಗಿಟ್ಟ.

"ನಂದು ತಪ್ಪಾಯ್ತು" ಅಂದ. "ಅವರು ಸಾಯ್ತಾರಂತ ನನಗ ಅನಸಲಿಲ್ಲ."

"ಕಡೀಕ ನೀರು ಕೇಳಿದ್ರಂತ. ನನ್ನ ಕೈಲೇ ಬೇಕು ಅಂದ್ರಂತ." ಶಿವಕಾಂತಾ ಕಾಯಿಪಲ್ಲೆಯ ಚೀಲ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಓಣಿಯ ಜನ ನೋಡಿದರೂ ಲೆಕ್ಕಿಸಲಿಲ್ಲ. ಅವನು ಆಕೆಯನ್ನು ಮುಟ್ಟಲು ಧೈರ್ಯ ಸಾಲದೆ ಪಕ್ಕದಲ್ಲೇ ಕುಳಿತಿದ್ದ.

ಆ ವಾರ ಆಕೆ ಇಜೇರಿಗೆ ಹೊರಟಳು. ತಾನೂ ಬರುತ್ತೇನೆಂದ. "ಈಗ ಬ್ಯಾಡ್ರಿ. ಅಪ್ಪನ ಹೊಲದಾಗ ನಾ ಒಬ್ಬಾಕಿನೇ ಕುಂದ್ರಬೇಕು. ಮನಸ್ಸಾದ್ರ ಬರ್ತೇನಿ" ಎಂದು ಬಸ್ ಹತ್ತಿದಳು.

ಸಂಜೆ ಮನೆಯಲ್ಲಿ ದನಿ ಎಂದಿನಂತೆ ಕೇಳಿತು. "ಇಲ್ಲವ್ವಾ, ನಾ ಪಾಂಡುರಂಗ ಅಲ್ಲ" ಎಂದ ದೌಲತರಾಯ. ಅಂದ ಮೇಲೆ ಅವನಿಗೇ ಕೆಡುಕೆನಿಸಿತು. ಎಷ್ಟು ವರ್ಷದಿಂದ ಕೇಳುತ್ತಿದ್ದಾಳೋ ಪಾಪ, ಒಬ್ಬರಾದರೂ ನಿಜ ಹೇಳಿರಲಿಲ್ಲ. ದೀಪ ಹಚ್ಚಿ ಮಾಡದಲ್ಲಿಟ್ಟು ಅಲ್ಲೇ ಕುಳಿತ. ಅಂದಿನಿಂದ ಆ ದನಿ ಮತ್ತೆ ಬರಲಿಲ್ಲ. ಖಾಲಿ ಮನೆ ಈಗ ನಿಜಕ್ಕೂ ಖಾಲಿಯಾಯಿತು.

ದವಾಖಾನೆ ಮುಗಿದೊಡನೆ ಅವನು ಇಜೇರಿ ಕಡೆಯವರು ಹತ್ತಿ ಬರುವ ಕಲಬುರ್ಗಿ ಬಸ್ಸಿನ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ ನಿಲ್ಲತೊಡಗಿದ. ಇಳಿಯುವ ಪ್ರತಿ ಸೀರೆಯನ್ನೂ ನೋಡಿ ಹಿಂತಿರುಗುತ್ತಿದ್ದ. ಲಾಡ್ಲೆಸಾಬ ಅವನನ್ನು ಕಂಡರೂ ಕಾಣದವನಂತೆ ದಾಟಿ ಹೋಗುತ್ತಿದ್ದ.

ಯುಗಾದಿ ಹತ್ತಿರ ಬಂದಿತ್ತು. ಧೂಳೆಬ್ಬಿಸಿ ನಿಂತ ಬಸ್ಸಿನಿಂದ ಕಡೆಯಲ್ಲಿ ಶಿವಕಾಂತಾ ಇಳಿದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಅವನು ಓಡಿ ಹೋಗಿ ಎದುರು ನಿಂತ. ಆಕೆ ಬಸ್ಸಿನ ತಲೆಯ ಮೇಲಿದ್ದ ಬುಟ್ಟಿಯತ್ತ ಬೆರಳು ಮಾಡಿದಳು. ಅವನು ಹಿಂದಿನ ಏಣಿ ಹತ್ತಿದ.

"ಸಾವಕಾಶ್ರಿ, ಅದರಾಗ ಮಸರಿನ ಗಡಗಿ ಅದ!" ಎಂದು ಕೆಳಗಿನಿಂದ ಕೂಗಿದಳು. ಮತ್ತೆ ತಡೆದು, ಸ್ವಲ್ಪ ಸಣ್ಣ ದನಿಯಲ್ಲಿ, "ಯಾಕ ಇಷ್ಟ ಸೊರಗೀರಿ? ಉಣ್ಣೂದಿಲ್ಲೇನು?"

ದೌಲತರಾಯ ಬುಟ್ಟಿಯನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದ.